ಉಪ್ಪು ನೋಡದ ಅಡಿಗೆಮನೆ

ಮಹಾಮಾರಿ ಮುಗಿಯಿತೆಂದು ಟೀವಿಯಲ್ಲಿ ಹೇಳಿ ನಾಲ್ಕು ತಿಂಗಳಾದ ಮೇಲೆ ಅದು ನನಗೆ ಬಂತು. ಎರಡು ಸಾವಿರದ ಹತ್ತರ ಡಿಸೆಂಬರ್. ಇಂಗ್ಲಿಷರ ದೇಶದ ಈಸ್ಟ್ ಹ್ಯಾಮ್‌ನ ನಮ್ಮ ಬೀದಿಯಲ್ಲಿ ಹಿಮ ಬಿದ್ದು, ಜನ ತುಳಿದು ಕೆಸರಾಗಿ, ಮತ್ತೆ ಗಟ್ಟಿಯಾಗಿತ್ತು. ಆ ಬೀದಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮುಖ್ಯ ಅಡಿಗೆಯವ. ಹಂದಿಜ್ವರ ಎಂಬ ಹೆಸರು ಕೇಳಿದರೇ ನಮ್ಮ ಅಡಿಗೆಮನೆಯಲ್ಲಿ ನಗು ಏಳುತ್ತಿತ್ತು. ಮೊಟ್ಟೆಯೂ ಹೊಸ್ತಿಲು ದಾಟದ ಜಾಗಕ್ಕೆ ಹಂದಿ ಎಲ್ಲಿಂದ ಬರಬೇಕು ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ನಾನೇ.

ಎರಡು ದಿನ ಜ್ವರದ ಮಾತ್ರೆ ನುಂಗಿ ಒಲೆಯ ಮುಂದೆ ನಿಂತೆ. ಮೂರನೆಯ ದಿನ ಬೆಳಿಗ್ಗೆ ಬೇಳೆಯ ಪಾತ್ರೆ ಇಳಿಸಲು ಹೋದರೆ ಕೈ ಏಳಲಿಲ್ಲ. ಕಾವಲಿಯ ಮುಂದಿದ್ದ ದೋಸೆಯವ ನನ್ನ ಕಡೆ ತಿರುಗಿ ನೋಡಿದ. ಕುಂದಾಪುರದ ಕಡೆಯ ಹುಡುಗ, ಆಗಷ್ಟೇ ಮದುವೆಯಾಗಿ ಹೆಂಡತಿಯನ್ನು ಕರೆಸಿಕೊಂಡಿದ್ದವನು. “ಭಟ್ರೆ, ನಿಮ್ ತುಟಿ ಎಂತಕೆ ನೀಲಿ ಆಯಿತ್ತ್?” ಎಂದ. ಅಡಿಗೆಯವನನ್ನು ನಮ್ಮಲ್ಲಿ ಭಟ್ರೆ ಎಂದೇ ಕರೆಯುವುದು. ಉತ್ತರ ಕೊಡಲು ಉಸಿರಿರಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅವನು ನನ್ನನ್ನು ಹಿಂದಿನಿಂದ ಅಪ್ಪಿ ಹಿಡಿದು ಕೂರಿಸಿಕೊಂಡಿದ್ದ. ಅವನ ಅಂಗಿಯಿಂದ ಬಂದ ಕಾದ ಎಣ್ಣೆಯ ವಾಸನೆ, ಮೂಗಿನಿಂದ ನಾನು ಈ ಲೋಕದಲ್ಲಿ ತಿಳಿದುಕೊಂಡ ಕೊನೆಯ ಸಂಗತಿ.

ಹದಿನೇಳು ದಿನ ಯಂತ್ರ ನನ್ನ ಪರವಾಗಿ ಉಸಿರಾಡಿತು. ಆ ದಿನಗಳಲ್ಲಿ ನಾನು ಸುಮ್ಮನೆ ಮಲಗಿದ್ದೆ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಅಕ್ಕಿ ತೊಳೆಯುತ್ತಿದ್ದೆ. ಎಷ್ಟು ತೊಳೆದರೂ ನೀರು ತಿಳಿಯಾಗುತ್ತಿರಲಿಲ್ಲ, ಹಿಂದೆ ಯಾರೋ ನಿಂತು ಹೊತ್ತಾಯಿತು, ಹೊತ್ತಾಯಿತು ಎನ್ನುತ್ತಿದ್ದರು. ಎಚ್ಚರವಾದಾಗ ಗಂಟಲಲ್ಲಿ ತೂತಿತ್ತು, ಮೂಗಿನಲ್ಲಿ ನಳಿಗೆ ಇತ್ತು, ಚಮಚ ಹಿಡಿಯಲು ಬೆರಳಿಗೆ ಬಲವಿರಲಿಲ್ಲ. ನಲವತ್ತು ಕಿಲೋ ಅಕ್ಕಿಯ ಮೂಟೆ ಎತ್ತುತ್ತಿದ್ದವನಿಗೆ ನರ್ಸ್ ಒಬ್ಬಳು ಮೊಸರಿನ ಕಪ್ಪಿನ ಮುಚ್ಚಳ ತೆಗೆಯುವುದನ್ನು ಎರಡು ದಿನ ಕಲಿಸಿದಳು. ಮೂರನೆಯ ದಿನ ಮುಚ್ಚಳ ಬಂತು. ಅವಳು ಚಪ್ಪಾಳೆ ತಟ್ಟಿದಳು. ನನಗೆ ಅಳು ಬಂತು, ಸಂತೋಷಕ್ಕಲ್ಲ.

ಜನವರಿಯ ಕೊನೆಗೆ ಮನೆಗೆ ಕಳಿಸಿದರು. ನಿಮ್ಮಿಂದ ಇನ್ನು ಯಾರಿಗೂ ಸೋಂಕು ತಗಲುವುದಿಲ್ಲ ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಆ ಕಾಗದವನ್ನು ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬಂದವರು ಓದಲಿ ಎಂದು. ಆದರೆ ಫ್ರಿಜ್ಜಿನವರೆಗೆ ಬಂದವರು ಯಾರೂ ಇರಲಿಲ್ಲ. ಫೋನಿನಲ್ಲಿ ಎಲ್ಲರೂ ಪುನರ್ಜನ್ಮ, ಪುನರ್ಜನ್ಮ ಎಂದರು. ಮತ್ತೆ ಹುಟ್ಟಿದವನ ಮನೆಯಲ್ಲಿ ಒಂದು ಲೋಟ ಚಾ ಕುಡಿಯಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಹೆಂಡತಿ ಕೆಲಸ ಮಾಡುತ್ತಿದ್ದ ಸೀರೆ ಅಂಗಡಿಯವರು, ಯಜಮಾನರು ಗಟ್ಟಿಯಾಗುವವರೆಗೆ ಮನೆಯಲ್ಲೇ ಇರಿ ಎಂದು ಬಹಳ ಪ್ರೀತಿಯಿಂದ ಹೇಳಿದರು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಅವಳ ಗೆಳತಿಯ ಹುಟ್ಟುಹಬ್ಬ ಯಾಕೋ ಈ ವರ್ಷ ಮಾಡುವುದಿಲ್ಲವಂತೆ ಎಂದು ಗೊತ್ತಾಯಿತು. ಮಾಡಿದರೆಂದು ಆಮೇಲೆ ಗೊತ್ತಾಯಿತು.

ಹಾಗೆಂದು ಜನ ಕೆಟ್ಟವರು ಎಂದರೆ ನಾಲಿಗೆ ಬಿದ್ದುಹೋದೀತು. ಊಟ ಕಳಿಸಿದರು, ತಿಂಗಳುಗಟ್ಟಲೆ ಕಳಿಸಿದರು. ಸ್ಟೀಲ್ ಡಬ್ಬಿಗಳಲ್ಲಿ ತಂದು ಬಾಗಿಲ ಹೊರಗೆ ಇಟ್ಟು, ಬೆಲ್ ಒತ್ತಿ, ಲಿಫ್ಟ್ ಹತ್ತಿರ ನಿಂತು ಕೈ ಬೀಸಿ ಹೋಗುತ್ತಿದ್ದರು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಹೆಂಡತಿ ಅವನ್ನು ತಿಕ್ಕಿ ತೊಳೆದು, ಬಿಸಿನೀರಲ್ಲಿ ಕುದಿಸಿ, ಒಂದಿಷ್ಟು ಚಕ್ಕುಲಿಯೋ ಉಂಡೆಯೋ ಹಾಕಿ ಕೊಡಲು ಹೋಗುತ್ತಿದ್ದಳು. “ಇರ್ಲಿ ಅಕ್ಕ, ಇಟ್ಕಳಿ, ಮತ್ತೆ ತಕಂಡ್ ಹೋತೆ” ಎಂಬ ಉತ್ತರ. ಮತ್ತೆ ಯಾರೂ ಬರಲಿಲ್ಲ. ಏಪ್ರಿಲ್ ಹೊತ್ತಿಗೆ ನಮ್ಮ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಬೇರೆಯವರ ನಾಲ್ಕು ಡಬ್ಬಿಗಳಿದ್ದವು. ಒಂದರ ಮುಚ್ಚಳದ ಮೇಲೆ ಎರಡು ಅಕ್ಷರ ಕೊರೆದಿತ್ತು. ಅದು ದೋಸೆಯವನ ಹೆಂಡತಿಯದು, ತವರಿನವರು ಮದುವೆಗೆ ಕೊಟ್ಟದ್ದು. ಅದರಲ್ಲಿ ಅವಳು ನನಗೆ ಗಂಜಿ ಕಳಿಸಿದ್ದಳು.

ಮೂಗಿನ ವಿಷಯ ನನಗೆ ತಕ್ಷಣ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ನಳಿಗೆಯಿಂದಾಗಿ ಹೀಗೆ ಎಂದುಕೊಂಡೆ. ಮನೆಯಲ್ಲಿ ಔಷಧಿಯಿಂದ ಎಂದುಕೊಂಡೆ. ಒಂದು ಸಂಜೆ ಗ್ಯಾಸಿನ ಮುಂದೆಯೇ ನಿಂತಿದ್ದೆ, ಹಾಲು ಉಕ್ಕಿ ತಳ ಹಿಡಿದು ಹೊಗೆಯಾಡುತ್ತಿತ್ತು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮಗಳು ಓಡಿಬಂದು, “ಅಪ್ಪಾ, ಸಮ್‌ಥಿಂಗ್ ಈಸ್ ಬರ್ನಿಂಗ್!” ಎಂದು ಕೂಗಿದಳು. ಮರುದಿನ ಜೀಪಿ ಡಾಕ್ಟರ ಹತ್ತಿರ ಹೋದೆ. ಅವರು ಮೂಗಿಗೆ ಬೆಳಕು ಬಿಟ್ಟು ನೋಡಿ, ವೈರಸ್ ಕೆಲವರಿಗೆ ಹೀಗೆ ಮಾಡುತ್ತದೆ, ವಾಸನೆ ವಾಪಸು ಬರಬಹುದು, ಬಾರದೆಯೂ ಇರಬಹುದು ಎಂದರು. ನಿಮ್ಮ ಕೆಲಸ ಏನು ಎಂದು ಕೇಳಿದರು. ಹೇಳಿದೆ. ಅವರು ಕಂಪ್ಯೂಟರ್ ಕಡೆ ತಿರುಗಿದರು.

ಈ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಯಾಕೆಂದರೆ ನಮ್ಮ ಹೋಟೆಲಿನ ಕಟ್ಟಳೆ ಅವಳಿಗೂ ಗೊತ್ತಿತ್ತು. ಬೆಳಿಗ್ಗೆ ಆದ ಅಡಿಗೆಯಲ್ಲಿ ಮೊದಲ ಸೌಟು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದ ಮುಂದೆ ಇಡಬೇಕು. ಅಲ್ಲಿಯವರೆಗೆ ಯಾರೂ ಉಪ್ಪು ನೋಡುವಂತಿಲ್ಲ. ಆಮೇಲೂ ಪಾತ್ರೆಯ ಸೌಟು ಬಾಯಿಗೆ ಹೋಗುವಂತಿಲ್ಲ, ಹೋದರೆ ಇಡೀ ಪಾತ್ರೆ ಎಂಜಲು. ಉಪ್ಪು, ಹುಳಿ, ಖಾರ ಎಲ್ಲವನ್ನೂ ಕುದಿಯ ಪರಿಮಳದಿಂದಲೇ ಹೇಳಬೇಕು. ಹೇಳಲು ಬರುತ್ತದೆ. ಉಪ್ಪಿಲ್ಲದ ಸಾರಿನ ಕುದಿ ಹಸಿ ಹಸಿಯಾಗಿ ಮೂಗಿಗೆ ಹೊಡೆಯುತ್ತದೆ, ಉಪ್ಪು ಬಿದ್ದ ಕೂಡಲೇ ಅದು ಒಳಗೆ ಕೂರುತ್ತದೆ. ಮೆಂತ್ಯ ಕಹಿಯಾಗಲು ಇನ್ನೆಷ್ಟು ಹೊತ್ತಿದೆ ಎಂದು ಬೆನ್ನು ಹಾಕಿ ನಿಂತೇ ನಾನು ಹೇಳುತ್ತಿದ್ದೆ. ಆ ಜಂಬ ನನಗಿತ್ತು. ಇಪ್ಪತ್ತೆರಡು ವರ್ಷ ಒಮ್ಮೆಯೂ ಉಪ್ಪು ನೋಡಿರಲಿಲ್ಲ.

ಏಪ್ರಿಲ್‌ನಲ್ಲಿ ಕೆಲಸಕ್ಕೆ ಹೋದೆ. ಕುತ್ತಿಗೆಯ ಗಾಯ ಕಾಣದಂತೆ ಮಫ್ಲರ್ ಸುತ್ತಿದ್ದೆ. ನಮ್ಮ ಹೋಟೆಲಿನ ಧಣಿಗಳು ಬಾಗಿಲಲ್ಲೇ ನಿಂತಿದ್ದರು. “ಹ್ವಾಯ್ ಭಟ್ರೆ, ಬನಿ ಬನಿ. ಒಲೆ ಮುಂದ್ ನಿಲ್ಲುಕಾತ್ತಾ? ಇಲ್ದಿರೆ ಒಂದ್ ಕುರ್ಚಿ ಹಾಕ್ಸ್ತೆ” ಎಂದರು. ಬೆನ್ನು ತಟ್ಟಲು ಕೈ ಎತ್ತಿದವರು, ಯಾಕೋ ಆ ಕೈಯಿಂದ ತಮ್ಮ ತಲೆ ಸವರಿಕೊಂಡರು.

ಮೊದಲ ದಿನವೇ ಕೊತ್ತಂಬರಿ ಹುರಿಯುವಾಗ, “ಭಟ್ರೆ, ಕರಟಿ ಹೋಯ್ತ್ ಕಾಣಿ!” ಎಂದು ದೋಸೆಯವ ಕೂಗಿದ. ಕೈಯಲ್ಲಿ ಬಲವಿಲ್ಲ ಮಾರಾಯ, ತಿರುಗಿಸುವುದು ತಡವಾಯಿತು ಎಂದೆ. ಅವನು ನಂಬಿದ. ನನ್ನ ನಿಶ್ಶಕ್ತಿ ನನಗೆ ಒಳ್ಳೆಯ ನೆಪವಾಯಿತು. ಅಂದೇ ಸಂಜೆ ಒಂದು ನೋಟ್‌ಬುಕ್ ಕೊಂಡೆ.

ಮೂಗಿನ ಕೆಲಸವನ್ನು ಕಣ್ಣಿಗೂ ಗಡಿಯಾರಕ್ಕೂ ಹಂಚುವುದು ನನ್ನ ಯೋಜನೆ. ಕೊತ್ತಂಬರಿ ಇಷ್ಟು ಉರಿಯಲ್ಲಿ ಇಷ್ಟು ನಿಮಿಷ. ಮೆಂತ್ಯವನ್ನು ಬೇರೆಯಾಗಿ, ಬಣ್ಣ ಹೊಂಬಣ್ಣದಿಂದ ಕೆಂಪಿಗೆ ತಿರುಗುವ ಮುಂಚೆ ಇಳಿಸುವುದು. ಒಗ್ಗರಣೆಯಲ್ಲಿ ಸಾಸಿವೆಯ ಸದ್ದು ನಿಂತು ಮೂರು ಎಣಿಸಿ ಕರಿಬೇವು. ಇಂಗನ್ನು ಪುಡಿಯಾಗಿ ಬಳಸದೆ ನೀರಿನಲ್ಲಿ ಕದಡಿ ಅಳತೆ ಚಮಚದಲ್ಲಿ. ಹಿಟ್ಟು ತೂಗುವ ತಕ್ಕಡಿಯಲ್ಲಿ ಉಪ್ಪು ತೂಗಿದೆ. ಇಪ್ಪತ್ತೆರಡು ವರ್ಷ ಕೈಯಳತೆಯಲ್ಲಿ ಉಪ್ಪು ಎಸೆದವನು, ಔಷಧಿ ಅಂಗಡಿಯವನ ಹಾಗೆ ಗ್ರಾಂ ನೋಡಿ ಹಾಕಿದೆ. ನಗು ಬರುತ್ತಿತ್ತು. ಆದರೂ ಅಡಿಗೆ ಆಯಿತು. ಗಿರಾಕಿಗಳು ಉಂಡರು. ದೂರು ಬರಲಿಲ್ಲ.

ಮಧ್ಯಾಹ್ನದ ಗದ್ದಲ ಮುಗಿದ ಮೇಲೆ, ನಾಲ್ಕು ಗಂಟೆಗೆ ಅಡಿಗೆಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ರೂಢಿ. ಮೊದಲ ವಾರಗಳಲ್ಲಿ ಎಲ್ಲರೂ ಒಂದೊಂದು ನೆಪ ಹೇಳಿ ಎದ್ದು ಹೋಗುತ್ತಿದ್ದರು. ಒಬ್ಬರಿಗೆ ಹಸಿವಿಲ್ಲ, ಇನ್ನೊಬ್ಬರಿಗೆ ಬ್ಯಾಂಕ್ ಕೆಲಸ. ನಾನು ಒಬ್ಬನೇ ತಟ್ಟೆ ಹಿಡಿದು ಕೂರುತ್ತಿದ್ದೆ. ಸಾಂಬಾರು ಬಿಸಿನೀರಿನ ಹಾಗೆ, ಉಪ್ಪು, ಹುಳಿ, ಖಾರ ಮಾತ್ರ ನಾಲಿಗೆಗೆ ಚುಚ್ಚುತ್ತಿತ್ತು. ನನ್ನ ಅಡಿಗೆ ಹೇಗಾಗಿದೆ ಎಂದು ಲೋಕದಲ್ಲಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಮೇ ಬಂದಾಗ ದೋಸೆಯವ ಒಂದು ದಿನ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತ. ಮರುದಿನ ಉಳಿದವರೂ ಬಂದರು. ನಾನು ತಲೆ ಬಗ್ಗಿಸಿ ಅನ್ನ ಕಲಸಿದೆ. ಆ ಒಂದು ಊಟದ ಸುಖವನ್ನು ಈಗಲೂ ಮರೆತಿಲ್ಲ, ಅದಕ್ಕೆ ರುಚಿ ಇರಲಿಲ್ಲವಾದರೂ.

ದೋಸೆಯವನ ಹೆಂಡತಿ ಬಸುರಿ ಎಂದು ಆಗಲೇ ತಿಳಿದದ್ದು. ಗಂಜಿ ಕಳಿಸಿದಾಗ ಅವಳಿಗೆ ಎರಡನೆಯ ತಿಂಗಳಂತೆ. ಅವನು ಲಿಫ್ಟ್ ಹತ್ತಿರ ನಿಂತು ಕೈ ಬೀಸಿದ್ದು ಯಾಕೆಂದು ಅರ್ಥವಾಗಿ ನನ್ನ ಸಿಟ್ಟು ಇಳಿಯಿತು. “ಎಂತ ತಿಂದ್ರೂ ನಿಲ್ಲುದಿಲ್ಲ ಭಟ್ರೆ. ನಿಮ್ ಸಾಂಬಾರ್ ಒಂದ್ ಬೇಕಂಬ್ರ್ ಅದಕ್ಕೆ” ಎಂದು ಸಂಕೋಚದಿಂದ ನಕ್ಕ. ಹೆಂಡತಿಯನ್ನು ಅವನ ಕಡೆ ಅದು ಎಂದೇ ಹೇಳುವುದು. ಅಂದಿನಿಂದ ದಿನಾ ಮಧ್ಯಾಹ್ನ ಒಂದು ಡಬ್ಬಿ ಸಾಂಬಾರು ಅವನ ಮನೆಗೆ ಹೋಗುತ್ತಿತ್ತು. ತುಂಬಿ ಕೊಡುತ್ತಿದ್ದವನು ನಾನೇ.

ಮೇ ಕೊನೆಗೆ ಹುಣಸೆಹಣ್ಣಿನ ಹೊಸ ಪೆಟ್ಟಿಗೆ ಬಂತು. ಹಣ್ಣು ಕಪ್ಪಗಿತ್ತು, ಹಳೆಯದು. ಹುಳಿ ಎಷ್ಟು ಬಿಡುತ್ತದೆಂದು ತಕ್ಕಡಿ ಹೇಳುವುದಿಲ್ಲ. ನೋಟ್‌ಬುಕ್ಕಿನ ಪ್ರಕಾರ ಹಾಕಿದೆ, ಎರಡು ಮೇಜಿನವರು ಸಾರು ಹಿಂದೆ ಕಳಿಸಿದರು. ಮರುದಿನ ಬೆನ್ನು ತಿರುಗಿಸಿ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಹುಳಿ, ಉಪ್ಪು ನಾಲಿಗೆಗೆ ತಿಳಿಯುತ್ತಿತ್ತು, ಅಷ್ಟು ಉಳಿದಿತ್ತು. ಕೈ ಸೋಪು ಹಾಕಿ ತೊಳೆದೆ. ದೇವರಿಗೆ ಇನ್ನೂ ಇಟ್ಟಿರಲಿಲ್ಲ. ಆದರೆ ಏನೂ ಆಗಲಿಲ್ಲ, ಸಾರು ಚೆನ್ನಾಗಿದೆ ಎಂದರು. ಮತ್ತೆ ದಿನಾ ಹಾಗೇ ಮಾಡಿದೆ.

ಒಂದು ಶನಿವಾರ ಹೊರಗೆ ಕ್ಯೂ ನಿಂತಿತ್ತು. ಒಂದು ಕೈಯಲ್ಲಿ ಸಾಂಬಾರಿನ ಪಾತ್ರೆಯ ಕಿವಿ, ಇನ್ನೊಂದರಲ್ಲಿ ಸೌಟು. ಅಂಗೈ ಖಾಲಿ ಇರಲಿಲ್ಲ. ಸೌಟನ್ನೇ ತುಟಿಗೆ ತಾಗಿಸಿದೆ. ಅದೇ ಸೌಟು ಪಾತ್ರೆಯೊಳಗೆ ಹೋಯಿತು. ಯಾರೂ ನೋಡಲಿಲ್ಲ. ಹತ್ತು ನಿಮಿಷ ಕಳೆದು ಆ ಪಾತ್ರೆಯಿಂದ ಮೊದಲ ಸೌಟನ್ನು ಬಟ್ಟಲಿಗೆ ಹಾಕಿ ದೇವರ ಪಟದ ಮುಂದೆ ಇಟ್ಟವನೂ ನಾನೇ. ಒಂದೇ ಸಲ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಸಲ.

ನನ್ನಿಂದ ಸೋಂಕಿಲ್ಲವೆಂದು ಕಾಗದ ಇತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು, ಇತ್ತು. ಆದರೆ ಬೇರೆ ಯಾವ ಅಡಿಗೆಯವನಾದರೂ ಹೀಗೆ ಮಾಡಿದ್ದು ಕಂಡಿದ್ದರೆ ನಾನೇ ಆ ಪಾತ್ರೆಯನ್ನು ಮೋರಿಗೆ ಸುರಿಸುತ್ತಿದ್ದೆ. ಅದಕ್ಕೆ ಯಾವ ಡಾಕ್ಟರ ಕಾಗದವೂ ಬೇಕಿರಲಿಲ್ಲ.

ಜೂನ್‌ನಲ್ಲಿ ಒಂದು ದಿನ ಊಟಕ್ಕೆ ಕೂತಾಗ ದೋಸೆಯವ ಹೇಳಿದ, “ಭಟ್ರೆ, ಬಪ್ಪು ತಿಂಗ್ಳ್ ಅದಕ್ಕೆ ಬಯಕೆ ಊಟ ಇಟ್ಕಂಡಿದೆ. ಅಬ್ಬಿ ಅಪ್ಪಯ್ಯ ಎಲ್ಲ ಊರಲ್ಲಿ ಇದ್ರ್. ಇಲ್ಲಿ ನೀವೇ ದೊಡ್ಡೋರ್. ಅಡಿಗೆ ನೀವೇ ಮಾಡ್ಕ್, ಬೇರೆಯವ್ರಿಗೆ ಹೇಳ್ತಿಲ್ಲೆ.” ಬಸುರಿಯ ಆಸೆಯ ತಿಂಡಿಗಳನ್ನೆಲ್ಲ ಮಾಡಿ ಬಡಿಸುವ ಆ ಊಟಕ್ಕೆ, ಹೆರಿಗೆ ಸುಸೂತ್ರವಾಗಲೆಂದು ಮನೆಯ ಹಿರಿಯರ ಕೈಯಡಿಗೆ ಆಗಬೇಕು. ಸಾಯುವಾಗ ನನ್ನನ್ನು ಅಪ್ಪಿ ಹಿಡಿದವನು ಕೇಳುತ್ತಿದ್ದಾನೆ. ಆಯಿತು ಎಂದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ಡಿಸೆಂಬರ್ ನಂತರ ಮೊದಲ ಸಲ ಬಾಯ್ತುಂಬ ನಕ್ಕಳು. ಆ ಕೊರೆದ ಅಕ್ಷರದ ಡಬ್ಬಿಯನ್ನು ಕೆಳಗಿಳಿಸಿ ಒರೆಸಿಟ್ಟಳು. “ಆವತ್ತೇ ಕೊಡುವ, ಲಾಡು ತುಂಬ್ಸಿ” ಎಂದಳು.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಚಟ್ನಿಗೆಂದು ಫ್ರೀಜರಿನ ತೆಂಗಿನ ತುರಿ ತೆಗೆದೆ. ಬೆಳ್ಳಗಿತ್ತು. ಎರಡು ದಿನದ ಹಿಂದೆ ಫ್ರೀಜರ್ ಬಾಗಿಲು ಸರಿಯಾಗಿ ಕೂತಿರಲಿಲ್ಲವಂತೆ, ಕರಗಿ ಕೆಟ್ಟು ಮತ್ತೆ ಹೆಪ್ಪುಗಟ್ಟಿತ್ತಂತೆ. ಕಣ್ಣಿಗೆ ಅದೆಲ್ಲ ಕಾಣುವುದಿಲ್ಲ. ಹಸಿಮೆಣಸು, ಶುಂಠಿ, ಹುಳಿ ಹಾಕಿ ರುಬ್ಬಿದೆ. ಅಂಗೈ ಮೇಲೆ ನೋಡಿದೆ, ಉಪ್ಪು ಹುಳಿ ಸರಿಯಿತ್ತು. ಮೊದಲ ತಟ್ಟೆ ಹೊರಗೆ ಹೋದ ಕೂಡಲೇ ವಾಪಸು ಬಂತು. ಧಣಿಗಳು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದರು. “ಇದ್ ಎಂತ ಮಾರಾಯ್ರೆ, ಗಬ್ಬ್ ಹೊಡಿತಿತ್ತಲೆ. ನೀವ್ ಕಾಣ್ಲಿಲ್ಯಾ?” ಅಡಿಗೆಮನೆಯಲ್ಲಿ ಎಲ್ಲರೂ ಮೂಗು ಹಿಡಿದಿದ್ದರು. ಬಟ್ಟಲನ್ನು ಕೈಯಲ್ಲಿ ಹಿಡಿದ ನನಗೊಬ್ಬನಿಗೆ ಏನೂ ಇಲ್ಲ. ಪ್ಯಾಕೆಟ್ಟೇ ಕೆಟ್ಟದ್ದು, ನಾನು ಗಡಿಬಿಡಿಯಲ್ಲಿದ್ದೆ ಎಂದೆ. ಅದೂ ನಡೆಯಿತು. ನನಗೆ ಅಷ್ಟು ಮರ್ಯಾದೆ ಇತ್ತು.

ಆ ಇಡೀ ದಿನ ಬಯಕೆ ಊಟದ ಪಟ್ಟಿಯೇ ಕಣ್ಣ ಮುಂದೆ. ಕಾಯಿಹಾಲು, ಹಾಲುಬಾಯಿ, ಮಜ್ಜಿಗೆ ಹುಳಿ. ಎಲ್ಲದರಲ್ಲೂ ತೆಂಗಿನಕಾಯಿ, ಎಲ್ಲವೂ ಬೇಗ ಹಳಸುವಂಥದ್ದು. ಏಳು ತಿಂಗಳ ಬಸುರಿ, ಹಿರಿಯರ ಕೈಯಡಿಗೆ ಎಂದು ಕಣ್ಣು ಮುಚ್ಚಿ ಉಣ್ಣುವವಳು. ನನ್ನ ನೋಟ್‌ಬುಕ್ಕಿನಲ್ಲಿ ಹಳಸಿದ್ದನ್ನು ಕಂಡುಹಿಡಿಯುವ ಪುಟ ಇರಲಿಲ್ಲ. ನನಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಆ ಒಂದು ದಿನ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಹುಡುಗಿಯ ಡಬ್ಬಿ ದಿನಾ ನನ್ನ ಕೈಯಿಂದಲೇ ತುಂಬುತ್ತಿತ್ತಲ್ಲ? ದಿನಾ ಎಲ್ಲಿಂದ ಹುಷಾರಿಲ್ಲ ಎನ್ನಲಿ?

ಮರುದಿನ ನಾಲ್ಕು ಗಂಟೆಯ ಊಟಕ್ಕೆ ಮುಂಚೆ ಧಣಿಗಳನ್ನೂ ದೋಸೆಯವನನ್ನೂ ಹಿಂದಿನ ಉಗ್ರಾಣಕ್ಕೆ ಕರೆದೆ. ಅಕ್ಕಿಮೂಟೆಗಳ ನಡುವೆ ನಿಂತು ಎಲ್ಲ ಹೇಳಿದೆ. ಮೂಗಿನ ವಿಷಯ, ಗಡಿಯಾರ, ತಕ್ಕಡಿ. ಅಲ್ಲಿಯವರೆಗೆ ದೋಸೆಯವನ ಮುಖದಲ್ಲಿ ಮರುಕವೇ ಇತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಂಗೈಯ ವಿಷಯ ಹೇಳಿದೆ. ಸೌಟಿನ ವಿಷಯವನ್ನೂ ಹೇಳಿದೆ. ಅರ್ಧ ಸತ್ಯ ಹೇಳಿ ಬಂದರೆ ಹೊಟ್ಟೆಯೊಳಗೆ ಉಳಿದರ್ಧ ಕೊಳೆಯುತ್ತದೆ ಎಂದು ನನಗೆ ಅನ್ನಿಸಿತು.

ದೋಸೆಯವ ಬಹಳ ಮೆಲ್ಲಗೆ ಕೇಳಿದ, “ಯಾವಾಗ?”

“ಮೇ ಕೊನಿಂದ ಈಚಿಗೆ. ಮೂರ್ ಸಲ.”

“ನಾ ದಿನಾ ಮನಿಗ್ ತಕಂಡ್ ಹೋಯಿದೆ ಭಟ್ರೆ.” ಅವನ ದನಿ ಒಡೆಯಿತು. “ಅದ್ ಬಸ್ರಿ. ಅದ್ ಬೇರೆಂತದೂ ತಿಂತಿರ್ಲಿಲ್ಲ, ಅದ್ನೇ ತಿಂದದ್ದ್. ಒಂದ್ ಮಾತ್ ಹೇಳುಕಾತಿರ್ಲಿಲ್ಯಾ ನಿಮ್ಗೆ? ಒಂದೇ ಒಂದ್ ಮಾತ್?”

“ಈಗ ನನ್ನಿಂದ ಎಂತದೂ ತಾಗುದಿಲ್ಲ ಮಾರಾಯಾ. ಡಾಕ್ಟ್ರ್ ಬರ್ದ್ ಕೊಟ್ಟದ್ದ್ ಇತ್ತ್” ಎಂದೆ. ನನ್ನ ಕಿವಿಗೇ ಅದು ಕಳ್ಳನ ಮಾತಿನ ಹಾಗೆ ಕೇಳಿತು. ಅವನು ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಏಪ್ರನ್ ಬಿಚ್ಚಿ ಮೂಟೆಯ ಮೇಲೆ ಇಟ್ಟು ಹಿಂಬಾಗಿಲಿನಿಂದ ಹೊರಟುಹೋದ. ಅಂದು ಸಂಜೆ ದೋಸೆ ಇರಲಿಲ್ಲ.

ಧಣಿಗಳು ಒಂದು ಮೂಟೆಯ ಮೇಲೆ ಕೂತರು. ಅವರಿಗೆ ಎಪ್ಪತ್ತು ಹತ್ತಿರ. ತಮ್ಮ ಅಂಗೈಗಳನ್ನು ನೋಡಿಕೊಂಡರು. “ಭಟ್ರೆ, ನೀವ್ ಹೇಳ್ದೆ ಇದ್ರೆ ನಂಗ್ ಗೊತ್ತೇ ಆತಿರ್ಲಿಲ್ಲ. ಈಗ ಗೊತ್ತಾಯ್ತಲೆ. ಇನ್ ನಾನೆಂತ ಮಾಡುದ್, ನೀವೇ ಹೇಳಿ” ಎಂದರು. ಸಿಟ್ಟಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಮೊದಲ ಸೌಟು ಎಲ್ಲಿಗೆ ಹೋಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಅಂದೇ ಕೆಲಸ ಬಿಟ್ಟೆ. ಮರುದಿನ ನನ್ನ ಚೂರಿಗಳನ್ನು ತರಲು ಹೋದಾಗ ಹೋಟೆಲಿನ ಹಿಂಬದಿಯಲ್ಲಿ ಸಾಂಬಾರಿನ ದೊಡ್ಡ ಪಾತ್ರೆಯೂ ಸೌಟೂ ಕಸದ ಪಕ್ಕ ಇದ್ದವು. ಒಳಗೆ ಶುದ್ಧಿಗೆ ಹ್ಯಾರೋದಿಂದ ಪುರೋಹಿತರು ಬಂದಿದ್ದರಂತೆ. ಚೂರಿಗಳನ್ನು ಬಟ್ಟೆಯಲ್ಲಿ ಸುತ್ತಿ ಯಾರೋ ಹೊರಗೇ ಇಟ್ಟಿದ್ದರು. ಚೆನ್ನಾಗಿ ತೊಳೆದಿದ್ದರು.

ಬಯಕೆ ಊಟಕ್ಕೆ ನಮ್ಮನ್ನು ಕರೆಯಲಿಲ್ಲ. ಹೆಂಡತಿ ಆ ಡಬ್ಬಿಯನ್ನು ಮತ್ತೆ ಮೇಲಿನ ಹಲಗೆಗೆ ಏರಿಸಿದಳು. ನನ್ನ ಮೇಲೆ ಅವಳಿಗೆ ಬಂದ ಸಿಟ್ಟು ಸೌಟಿನದಲ್ಲ. “ನಂಗೂ ಹೇಳ್ಲಿಲ್ಲ ನೀವ್. ನಾ ಎಂತ ನಿಮ್ಗೆ?” ಎಂದು ಎರಡು ದಿನ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಮಾಡಲು ಹೊರಟರೆ ನಾನೂ ಅಳುತ್ತಿದ್ದೆ.

ಧಣಿಗಳು ಕೈಬಿಡಲಿಲ್ಲ, ಅದನ್ನು ಹೇಳಲೇಬೇಕು. ಪರಿಚಯದವರ ಮಸಾಲೆ ಗೋದಾಮಿನಲ್ಲಿ ಕೆಲಸ ಕೊಡಿಸಿದರು. ಗ್ರೀನ್‌ಫರ್ಡ್‌ನಲ್ಲಿ, ಊರಿನ ಆ ತುದಿಯಲ್ಲಿ. ಎರಡು ಟ್ಯೂಬ್ ರೈಲು ಬದಲಾಯಿಸಿ ಹೋಗಬೇಕು. ಮೊದಲ ದಿನವೇ ನನ್ನನ್ನು ಇಂಗಿನ ವಿಭಾಗಕ್ಕೆ ಹಾಕಿದರು. ಅಲ್ಲಿ ಯಾರೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲವಂತೆ, ತಲೆನೋವು ಬರುತ್ತದಂತೆ. ಉಳಿದವರು ಮೂಗಿಗೆ ಎರಡು ಪದರ ಬಟ್ಟೆ ಕಟ್ಟುತ್ತಾರೆ. ನಾನು ಬರಿಮುಖದಲ್ಲಿ ಕೂತು ಇಂಗನ್ನು ಸಣ್ಣ ಡಬ್ಬಿಗಳಿಗೆ ತುಂಬುತ್ತೇನೆ. ನೀನು ಪುಣ್ಯವಂತ ಎನ್ನುತ್ತಾರೆ. ವಾಪಸು ಬರುವಾಗ ಟ್ಯೂಬಿನಲ್ಲಿ ನನ್ನ ಪಕ್ಕದವರು ಎದ್ದು ಹೋಗುತ್ತಿದ್ದರು. ಕಾಯಿಲೆಯ ಸುದ್ದಿ ಇವರಿಗೂ ಹೇಗೆ ತಿಳಿಯಿತು ಎಂದು ಒಂದು ವಾರ ನಾನು ಕುಗ್ಗಿಹೋದೆ. “ಅಪ್ಪಾ, ಯು ಸ್ಮೆಲ್. ರಿಯಲಿ ಬ್ಯಾಡ್” ಎಂದು ಮಗಳೇ ಕೊನೆಗೆ ಹೇಳಿದಳು. ಬರೀ ಇಂಗು ಎಂದು ತಿಳಿದು ನನಗಾದ ಸಮಾಧಾನವನ್ನು ಯಾರಿಗೆ ಹೇಳಲಿ?

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಹೆಂಡತಿ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದಳು. ಬಾಗಿಲು ತೆರೆದರೆ ದೋಸೆಯವ. ಲಿಫ್ಟ್ ಹತ್ತಿರ ಅಲ್ಲ, ಬಾಗಿಲ ಎದುರಿಗೇ ನಿಂತಿದ್ದ. ಕೈಯಲ್ಲಿ ಪೇಡೆ ತುಂಬಿದ ಪ್ಲಾಸ್ಟಿಕ್ ಡಬ್ಬಿ, ಉಪಯೋಗಿಸಿ ಬಿಸಾಡುವಂಥದ್ದು.

“ಹೆಣ್ಣ್ ಮಗು ಭಟ್ರೆ. ಇಬ್ರೂ ಹುಷಾರಾಗಿತ್ತೊ.”

ಆ ನಾಲ್ಕು ತಿಂಗಳೂ ಪ್ರತಿದಿನ ಆ ಮಗುವಿಗಾಗಿ ಒಂದು ಹರಕೆಯನ್ನಷ್ಟೇ ಹೊತ್ತಿದ್ದೆ. ಬಾಗಿಲು ಪೂರ್ತಿ ತೆರೆದು, “ಒಳಗ್ ಬಾ ಮಾರಾಯಾ, ಒಂದ್ ಲೋಟ ಚಾ ಕುಡಿ” ಎಂದೆ.

“ಇಲ್ಲ ಭಟ್ರೆ, ಕೆಳಗ್ ಕಾರಲ್ಲಿ ಹೆಂಡ್ತಿ ಕೂಕಂಡಿತ್, ಮಗುನೂ ಇತ್ತ್” ಎಂದ. ಆಮೇಲೆ ನೆಲ ನೋಡುತ್ತಾ, “ಆವತ್ತ್ ನಾ ಹಾಂಗ್ ಹೋಪುಕಾಗ” ಎಂದ.

“ನಿನ್ ಜಾಗದಲ್ಲ್ ಯಾರಿದ್ರೂ ಹೋತಿದ್ರ್. ಒಂದ್ ನಿಮಿಷ ನಿಲ್ಲ್” ಎಂದು ಒಳಗೆ ಓಡಿದೆ. ಅಕ್ಷರ ಕೊರೆದ ಡಬ್ಬಿ ಇಳಿಸಿದೆ. ಖಾಲಿ ಕೊಡಬಾರದಲ್ಲ. ನಾನು ಮಾಡಿದ್ದು ಏನು ಹಾಕಿದರೂ ಅವರಿಗೆ ಕಷ್ಟ. ಒಡೆಯದ ಸಕ್ಕರೆಯ ಚೀಲವೊಂದಿತ್ತು. ಕತ್ತರಿಸಿ, ಕೈ ತಾಗದಂತೆ ಚೀಲದಿಂದಲೇ ನೇರ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದೆ. ಡಬ್ಬಿ ಹೆಂಡತಿ ಕುದಿಸಿ ಇಟ್ಟದ್ದು ಎಂದು ಹೇಳಲು ಬಾಯಿಗೆ ಬಂತು, ಹೇಳಲಿಲ್ಲ. ಅವನು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡ. “ಬತ್ತೆ ಭಟ್ರೆ” ಎಂದ. ಅವನ ಬೆರಳು ನನ್ನ ಬೆರಳಿಗೆ ತಾಗಿತು, ಅವನು ಎಳೆದುಕೊಳ್ಳಲಿಲ್ಲ.

ಕಿಟಕಿಯ ಹತ್ತಿರ ಹೋಗಿ ನಿಂತೆ. ಕಾರಿನ ಹಿಂದಿನ ಸೀಟಿನಲ್ಲಿ ಅವಳು ಮಗುವನ್ನು ಎತ್ತಿ ಹಿಡಿದದ್ದು ಕಂಡಿತು, ಸಣ್ಣ ಗುಲಾಬಿ ಟೊಪ್ಪಿ. ಅವನು ಕಟ್ಟಡದಿಂದ ಹೊರಬಂದ. ಕಾರಿನ ಹತ್ತಿರ ಹೋಗಲಿಲ್ಲ. ಕೌನ್ಸಿಲಿನ ಕಸದ ತೊಟ್ಟಿಗಳ ಪಕ್ಕ ಒಂದು ಮೋಟು ಗೋಡೆಯಿದೆ, ಅಲ್ಲಿ ನಿಂತ. ಡಬ್ಬಿಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ತೊಟ್ಟಿಗೆ ಎಸೆಯಲಿಲ್ಲ. ಗೋಡೆಯ ಮೇಲೆ, ಬೀಳದ ಹಾಗೆ, ಮೆಲ್ಲಗೆ ಇಟ್ಟ. ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದು ಎರಡೂ ಕೈಗೆ ಹಾಕಿಕೊಂಡು, ಬೆರಳ ಸಂದಿಯನ್ನೂ ಬಿಡದೆ ಉಜ್ಜಿಕೊಂಡ. ಆಮೇಲೆ ಕಾರು ಹತ್ತಿದ. ಮೇಲೆ ನೋಡಲಿಲ್ಲ.

ಕಾರು ತಿರುವು ದಾಟುವವರೆಗೆ ಕಾದು ನಾನು ಕೆಳಗೆ ಹೋದೆ. ಡಬ್ಬಿ ತಂದು, ತೊಳೆದು, ಮೇಲಿನ ಹಲಗೆಯಲ್ಲಿ ಅದರ ಜಾಗಕ್ಕೆ ಇಟ್ಟೆ. ಸಕ್ಕರೆಯನ್ನು ನಮ್ಮ ಸಕ್ಕರೆ ಡಬ್ಬಿಗೆ ಸುರಿದೆ. ಸಂಜೆ ಹೆಂಡತಿ ಬಂದು ಪೇಡೆ ನೋಡಿ, ಯಾರು ಬಂದಿದ್ದರು, ಡಬ್ಬಿ ಕೊಟ್ಟಿರಾ ಎಂದು ಒಂದೇ ಉಸಿರಿಗೆ ಕೇಳಿದಳು.

“ಕೊಟ್ಟೆ. ತಕಂಡ” ಎಂದೆ.

ಅವಳು ಕಣ್ಣೊರೆಸಿಕೊಂಡು, ಹಲಗೆಯ ಕಡೆ ತಲೆಯೆತ್ತದೆ, ಖುಷಿಯಲ್ಲಿ ಚಾ ಇಟ್ಟಳು. ಆ ಸಕ್ಕರೆಯನ್ನೇ ಎರಡು ಚಮಚ ಹೆಚ್ಚು ಹಾಕಿದಳು. ಸಿಹಿ ನನ್ನ ನಾಲಿಗೆಗೆ ಈಗಲೂ ತಿಳಿಯುತ್ತದೆ. ಚಾ ತುಂಬ ಸಿಹಿಯಾಗಿತ್ತು. ಪೂರ್ತಿ ಕುಡಿದೆ.